ದಾರಿ ಸವೆಸಿದವರು, ದಾರಿ ಕಡಿದವರು

ಕಳೆದ ಮೇ ತಿಂಗಳ ಕೊನೆಯ ಭಾನುವಾರ. ಬೆಳಗಿನ ಜಾವ ಐದು ಗಂಟೆ. ಪುಣೆಯ ಸ್ವಾರಗೇಟಿನ ಹತ್ತಿರ ಹೆಗಲ ಮೇಲೊಂದು ಗುದ್ದಲಿ ಇಟ್ಟುಕೊಂಡು ನಿಂತಿದ್ದೆ. ವಾಕಿಂಗ್ ಹೊರಟಿದ್ದ ನಮ್ಮ ಶಾಖೆಯ ಹಳೇ ಗ್ರಾಹಕರೊಬ್ಬರು ನನ್ನನ್ನು ನೋಡಿ ಗಕ್ಕನೆ ನಿಂತರು. "ಕಾಯ್ ಸಾಹೇಬ್, ನೌಕರಿ ಸೋಡ್ಲೀ ಕಾಯ್?" (ಏನ್ ಸಾಹೇಬ್ರೆ, ಕೆಲಸ ಬಿಟ್ಟುಬಿಟ್ರಾ?) ಅಂದರು. "ಇಲ್ಲ ಇಲ್ಲ, ಇದು ರಜಾ ದಿನದ ಕೆಲಸ" ಅಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಮರುದಿನ ಬ್ಯಾಂಕಿಗೆ ಬಂದು, ನಾನು ಕುರ್ಚಿಯಲ್ಲಿ ಇದ್ದೇನೋ ಇಲ್ಲವೋ ಅಂತ ಇಣುಕಿ ನೋಡಿಕೊಂಡು ಹೋದರು!

ನಾನು ಶಿರಸಿ ಕಡೆಯವನು. ಅಲ್ಲೇ ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆದು, ಊರೂರು ಸುತ್ತಿ, 1996ರಲ್ಲಿ ಪುಣೆಗೆ ಬಂದವನು ಇಲ್ಲೇ ಬೇರುಬಿಟ್ಟೆ. ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡಿ ಸಿಂಹಗಡಕ್ಕೆ ಹತ್ತಿಸಿದರು. ಆತಕರವಾಡಿಯಿಂದ ಮೇಲೇರುವ ಕಾಲುದಾರಿ. ಮೇಲೆ ಹೋಗಿ ಪಿಠಲೆ-ಭಾಕರಿ ತಿಂದು, ಮಣ್ಣಿನ ಕುಡಿಕೆಯ ಮೊಸರು ಕುಡಿದು ಕೆಳಗಿಳಿಯುವಷ್ಟರಲ್ಲಿ ನಾನು ಕೆಟ್ಟಿದ್ದೆ. ಅಂದರೆ ಈ ಚಟಕ್ಕೆ ಬಿದ್ದಿದ್ದೆ. ಆಮೇಲೆ ಬೆಟ್ಟ ಹತ್ತುವವರ ಸಣ್ಣದೊಂದು ಗುಂಪಿಗೆ ಸೇರಿಕೊಂಡೆ. ಬ್ಯಾಂಕಿನವರು, ಎಲ್ಐಸಿಯವರು, ಇಬ್ಬರು ಶಾಲಾ ಮೇಷ್ಟ್ರು, ಬಿಡಿಭಾಗದ ಅಂಗಡಿ ಇಟ್ಟ ಒಬ್ಬರು, ಈಗೀಗ ಒಂದಷ್ಟು ಸಾಫ್ಟ್‌ವೇರ್ ಹುಡುಗ ಹುಡುಗಿಯರು. ತಿಂಗಳಿಗೊಮ್ಮೆ ಚಾರಣ. ವರ್ಷಕ್ಕೆ ನಾಲ್ಕೈದು ಸಲ, ಮುಖ್ಯವಾಗಿ ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ, ದಾರಿ ದುರಸ್ತಿ.

ಆ ಭಾನುವಾರ ಮಧ್ಯಾಹ್ನ ಕಲ್ಲು ಹೊತ್ತು ಸುಸ್ತಾಗಿ ಕೂತಿದ್ದಾಗ ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದಳು: "ಕಾಕಾ, ನಾವೇನೋ ರಿಪೇರಿ ಮಾಡ್ತಾ ಇದ್ದೀವಿ. ಈ ದಾರಿ ಮೊದಲು ಮಾಡಿದ್ದು ಯಾರು?"

ನಾನು ಬಾಯಿ ತೆರೆದೆ. "ಶಿವಾಜಿ ಮಹಾರಾಜರು" ಅನ್ನುವುದು ಇಲ್ಲಿನ ಸಿದ್ಧ ಉತ್ತರ. ಆದರೆ ನಾಲಿಗೆಯ ಮೇಲೆ ಬಂದ ಉತ್ತರ ಅಲ್ಲೇ ನಿಂತುಬಿಟ್ಟಿತು. ಅದು ಪೂರ್ತಿ ನಿಜ ಅಲ್ಲ ಅಂತ ಇಷ್ಟು ವರ್ಷ ನಡೆದ ಮೇಲೆ ನನಗೆ ಗೊತ್ತಿತ್ತು. ಅವಳಿಗೆ ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆದೀತು, ಚಹಾ ಪಕ್ಕದಲ್ಲಿಟ್ಟುಕೊಂಡು ಓದಿ.

ದಾರಿಯ ಲೆಕ್ಕಪುಸ್ತಕ

ನಮ್ಮ ಕಡೆಯ ಹಳೇ ದಾರಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಾಣೇಘಾಟ್. ಪುಣೆ ಜಿಲ್ಲೆಯ ಜುನ್ನರ್ ಕಡೆಯಿಂದ ಕೊಂಕಣಕ್ಕೆ ಇಳಿಯುವ ಘಟ್ಟದ ದಾರಿ ಅದು. ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ಜುನ್ನರ್ ಊರಿಗೆ ತಾಗಿಕೊಂಡೇ ಇದೆ. ಆದರೆ ಘಟ್ಟದ ದಾರಿ ಶಿವಾಜಿಗಿಂತ ಹದಿನಾರು-ಹದಿನೇಳು ಶತಮಾನಗಳಷ್ಟಾದರೂ ಹಳೆಯದು. ಎರಡು ಗುಡ್ಡಗಳ ನಡುವಿನ ಸೀಳಿನಲ್ಲಿ ಕಲ್ಲು ಹಾಸಿದ ದಾರಿ ಇಳಿಯುತ್ತದೆ. ಮೇಲ್ತುದಿಯಲ್ಲಿ ಒಂದು ದೊಡ್ಡ ಕಲ್ಲಿನ ಹಂಡೆ ಇದೆ. ಸುಂಕದ ದುಡ್ಡು ಹಾಕುತ್ತಿದ್ದದ್ದು ಅದರಲ್ಲೇ ಅನ್ನುತ್ತಾರೆ ಜನ. ಮರಾಠಿಯಲ್ಲಿ ನಾಣೇ ಅಂದರೆ ನಮ್ಮ ನಾಣ್ಯ. ಹೆಸರಿನಲ್ಲೇ ದುಡ್ಡು ಇರುವ ದಾರಿಗೆ ಬ್ಯಾಂಕಿನವನೊಬ್ಬ ಮರುಳಾದರೆ ತಪ್ಪೇನು ಹೇಳಿ!

ಅಲ್ಲಿನ ಗುಹೆಯ ಗೋಡೆಗಳ ಮೇಲೆ ಶಾತವಾಹನರ ರಾಣಿ ನಾಗನಿಕೆಯ ಶಾಸನ ಇದೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಕಾಲದ್ದು. ಮಾಡಿದ ಯಜ್ಞಗಳು, ಕೊಟ್ಟ ದಾನಗಳು, ಇಷ್ಟು ಹಸು, ಇಷ್ಟು ಕುದುರೆ, ಇಷ್ಟು ಕಾರ್ಷಾಪಣ ಅಂತ ಸಾಲಾಗಿ ಬರೆಸಿದ್ದಾರೆ. ವಿಶೇಷ ಏನೆಂದರೆ ಆ ಲೆಕ್ಕವನ್ನು ಅಂಕಿಗಳಲ್ಲೇ ಕೆತ್ತಿಸಿದ್ದಾರೆ. ನಮ್ಮ ದೇಶದಲ್ಲಿ ಅಂಕಿಗಳು ಹೇಗೆ ಬೆಳೆದು ಬಂದವು ಅನ್ನುವ ಚರಿತ್ರೆಯಲ್ಲಿ ಈ ಗುಹೆಗೆ ದೊಡ್ಡ ಜಾಗ ಇದೆ. 1870ರ ದಶಕದಲ್ಲಿ ಭಗವಾನ್‌ಲಾಲ್ ಇಂದ್ರಾಜಿ ಅನ್ನುವ ವಿದ್ವಾಂಸರು ಈ ಅಂಕಿಗಳನ್ನು ಅಭ್ಯಾಸ ಮಾಡಿ ಬರೆದರು. ಅದರಲ್ಲಿ ಸೊನ್ನೆ ಇಲ್ಲ. ಹತ್ತಕ್ಕೆ ಒಂದು ಗುರುತು, ಇಪ್ಪತ್ತಕ್ಕೆ ಬೇರೆ ಗುರುತು, ನೂರಕ್ಕೆ, ಸಾವಿರಕ್ಕೆ ಮತ್ತೆ ಬೇರೆ. ನಾನು ಮೊದಲ ಸಲ ಆ ಗೋಡೆಯ ಮುಂದೆ ನಿಂತಾಗ, ಇದು ನಮ್ಮ ಕಸುಬಿನವರು ಬರೆದದ್ದೇ ಅನ್ನಿಸಿತ್ತು.

ಶಿರಸಿಯವನಾಗಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ಶಾತವಾಹನರ ವಂಶದ ಪುಳುಮಾವಿಯ ಹೆಸರಿರುವ, ರಾಣಿಯೊಬ್ಬಳ ನೆನಪಿನ ಕಲ್ಲು ನಮ್ಮ ತಾಲೂಕಿನ ಬನವಾಸಿಯಲ್ಲಿ ಸಿಕ್ಕಿದೆ. ಜುನ್ನರಿನಿಂದ ಬನವಾಸಿಯವರೆಗೆ ಘಟ್ಟದ ಬೆನ್ನಗುಂಟ ಒಂದೇ ಮನೆತನದ ಗುರುತು. ನಾನು ಬಸ್ಸಿನಲ್ಲಿ ಬಂದ ದೂರವನ್ನು ಯಾರೋ ಕಾಲಿನಲ್ಲಿ ಅಳೆದು ಬಿಟ್ಟಿದ್ದರು.

ಇಂಥ ಘಟ್ಟದ ದಾರಿಗಳಿಗೆ ಮೂಲ, ದಿನನಿತ್ಯದ ಗರಜು. ಕೆಳಗಿನಿಂದ ಉಪ್ಪು ಬರಬೇಕು, ಮೇಲಿನಿಂದ ಧಾನ್ಯ ಇಳಿಯಬೇಕು. ಎತ್ತು ಹತ್ತುವಷ್ಟು ಇಳಿಜಾರು ಇರಬೇಕು. ರಾಜ ಕಲ್ಲು ಹಾಸಿಸಿದ, ಸುಂಕ ವಸೂಲಿ ಮಾಡಿದ, ಸರಿ. ಆದರೆ ಎಲ್ಲಿ ಹತ್ತಬೇಕು ಅಂತ ಹುಡುಕಿದ್ದು ದನ ಕಾಯುವವನೂ ಎತ್ತು ಹೊಡೆಯುವವನೂ ಇರಬೇಕು.

ದಾರಿ ಕೆಟ್ಟದಾಗಿರಲಿ ಅಂದ ರಾಜನೀತಿ

ಈಗ ಕೋಟೆಗಳ ಕಾಲಕ್ಕೆ ಬರೋಣ. ಕೋಟೆ ಕಟ್ಟಿದ ಮೇಲೆ ದಾರಿ ಚೆನ್ನಾಗಿ ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಆಗಿದ್ದು ಉಲ್ಟಾ!

ರಾಮಚಂದ್ರಪಂತ ಅಮಾತ್ಯರು 1715ರ ಸುಮಾರಿಗೆ ಬರೆದ 'ಆಜ್ಞಾಪತ್ರ' ಅನ್ನುವ ಗ್ರಂಥ ಇದೆ. ಶಿವಾಜಿಯ ಕಾಲವನ್ನು ಕಣ್ಣಾರೆ ಕಂಡ ಮಂತ್ರಿ, ಮುಂದಿನವರಿಗೆ ರಾಜ್ಯ ಹೇಗೆ ನಡೆಸಬೇಕು ಅಂತ ಹೇಳಿದ್ದು. ಅದರಲ್ಲಿ ಕೋಟೆಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಕೋಟೆಗೆ ಏರುವ ದಾರಿ ಸುಲಭ ಇರಕೂಡದು, ಸುಲಭ ಇದ್ದರೆ ಅದನ್ನು ಮುರಿದು, ಅಲ್ಲಿ ಕಾಡು ಬೆಳೆಸಿ, ಬೇರೆ ಕಡೆಯಿಂದ ಕಷ್ಟದ ದಾರಿ ಮಾಡಬೇಕು ಅಂತ ಅವರ ಸಲಹೆ. ಜೊತೆಗೆ ಆಪತ್ಕಾಲಕ್ಕೆ ಒಂದು ಕಳ್ಳಬಾಗಿಲು ಇರಬೇಕು. ಕೋಟೆಯ ಸುತ್ತಲಿನ ಕಾಡಿನಲ್ಲಿ ಒಂದು ಕೋಲನ್ನೂ ಕಡಿಯಗೊಡಬಾರದು. ಅಂದರೆ ಇವತ್ತು ನಾವು ಏದುಸಿರು ಬಿಡುತ್ತಾ "ಎಂಥಾ ದಾರಿ ಮಾಡಿದಾರಪ್ಪಾ" ಅಂತ ಬೈದುಕೊಳ್ಳುವುದು ಅವರು ಬೇಕೆಂದೇ ಮಾಡಿದ ಕೆಲಸವನ್ನು!

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಕೋಟೆಯ ಹಾದಿಗಳಲ್ಲಿ ಕಸ ಬೀಳಗೊಡಬಾರದು. ಗುಡಿಸಿದ ಕಸವನ್ನು ಕೋಟೆಯ ಕೆಳಗೆ ಎಸೆಯದೆ ಅಲ್ಲಲ್ಲೇ ಸುಟ್ಟು, ಆ ಬೂದಿಯಿಂದ ಹಿತ್ತಿಲಲ್ಲಿ ತರಕಾರಿ ಬೆಳೆಯಬೇಕು. ಮೂರು ನೂರು ವರ್ಷ ಹಿಂದಿನ ಮಾತು ಇದು. ಚಿಪ್ಸ್ ಪೊಟ್ಟಣ ಹೆಕ್ಕುವಾಗಲೆಲ್ಲ ನನಗೆ ಅಮಾತ್ಯರ ನೆನಪಾಗುತ್ತದೆ. (ಪ್ಲಾಸ್ಟಿಕ್ಕನ್ನು ಮಾತ್ರ ಸುಡಬೇಡಿ. ಅವರ ಕಾಲದಲ್ಲಿ ಅದು ಇರಲಿಲ್ಲ.)

ರಾಯಗಡದಲ್ಲಿ ಹಿರಕಣಿಯ ಕಥೆ ಹೇಳುತ್ತಾರೆ. ಹಾಲು ಮಾರಲು ಕೋಟೆಗೆ ಬಂದವಳು, ಸಂಜೆ ಬಾಗಿಲು ಹಾಕಿದ ಮೇಲೆ ಒಳಗೇ ಸಿಕ್ಕಿಕೊಂಡಳು. ಕೆಳಗಿನ ಊರಿನಲ್ಲಿ ಹಸುಗೂಸು. ತಡೆಯಲಾಗದೆ ರಾತ್ರಿಯಲ್ಲಿ ಕಡಿದಾದ ಬಂಡೆಯ ಮೇಲಿಂದ ಇಳಿದು ಮನೆ ಸೇರಿದಳು. ಮಹಾರಾಜರು ಅವಳನ್ನು ಸನ್ಮಾನಿಸಿದರು, ಮತ್ತು ಅವಳು ಇಳಿದ ಜಾಗದಲ್ಲಿ ಬುರುಜು ಕಟ್ಟಿಸಿದರು. ಇದು ಐತಿಹ್ಯ, ದಾಖಲೆ ಅಲ್ಲ. ಆದರೆ ಕಥೆಯನ್ನು ಸರಿಯಾಗಿ ನೋಡಿ: ತಾಯಿ ಒಂದು ದಾರಿ ಹುಡುಕಿದಳು, ರಾಜ ಅದನ್ನು ಮುಚ್ಚಿಸಿದ. ಇಬ್ಬರದೂ ಅವರವರ ಮಟ್ಟಿಗೆ ಸರಿಯೇ.

ಹಾಗಾದರೆ ಕೋಟೆಗೆ ಬೇಕಾದ ಒಂದೇ ಒಂದು ದಾರಿಯನ್ನು ಕಾಯುತ್ತಿದ್ದವರು ಯಾರು? ಬುಡದ ಹಳ್ಳಿಗಳವರು. ರಾಮೋಶಿ, ಕೋಳಿ, ಮಹಾರ, ಬೇರಡ ಮುಂತಾದ ಸಮುದಾಯದವರಿಗೆ ಭೂಮಿ, ಹಕ್ಕುಗಳು ಸಿಗುತ್ತಿದ್ದವು. ಬದಲಿಗೆ ಪಹರೆ, ಕಾಡಿನ ಸುದ್ದಿ, ದಾರಿಯ ಕಾವಲು ಅವರದು. ಬೇರಡರು ಅಂದರೆ ನಮ್ಮ ಬೇಡರು. ಎಲ್ಲಿ ಹುಲ್ಲು ಮಲಗಿದೆ, ಎಲ್ಲಿ ಕಲ್ಲು ಸರಿದಿದೆ ಅಂತ ನೋಡಿಯೇ ಯಾರು ಬಂದರು ಯಾರು ಹೋದರು ಅಂತ ಹೇಳಬಲ್ಲವರು. ಕೋಟೆಯ ಹೆಸರಿನಲ್ಲಿ ನಮಗೆ ಗೊತ್ತಿರುವುದು ಸೇನಾಪತಿಗಳ ಹೆಸರು. ದಾರಿ ಕಾದವರ ಹೆಸರು ಯಾವ ಬುರುಜಿನ ಮೇಲೂ ಇಲ್ಲ.

1818: ಮೆಟ್ಟಿಲಿಗೆ ಮದ್ದು

1817ರ ನವೆಂಬರಿನಲ್ಲಿ ಖಡಕಿ ಯುದ್ಧ ನಡೆದು ಪುಣೆ ಇಂಗ್ಲಿಷರ ಕೈಸೇರಿತು. 1818ರ ಮಾರ್ಚಿನಲ್ಲಿ ಸಿಂಹಗಡ ಬಿತ್ತು, ಮೇ ತಿಂಗಳಿನಲ್ಲಿ ರಾಯಗಡ ಬಿತ್ತು, ಜೂನ್ ತಿಂಗಳಿನಲ್ಲಿ ಎರಡನೇ ಬಾಜಿರಾಯ ಸರ್ ಜಾನ್ ಮಾಲ್ಕಮನಿಗೆ ಶರಣಾದ. ರಾಜ್ಯವೇನೋ ಸಿಕ್ಕಿತು. ಆದರೆ ಇಷ್ಟೊಂದು ಕೋಟೆಗಳನ್ನು ಏನು ಮಾಡುವುದು? ಪ್ರತಿಯೊಂದಕ್ಕೂ ಸೈನಿಕರನ್ನು ಇಡುವುದೆಂದರೆ ಖರ್ಚು. ಖಾಲಿ ಬಿಟ್ಟರೆ ನಾಳೆ ಬಂಡಾಯಗಾರರು ಹತ್ತಿ ಕೂತಾರು ಅನ್ನುವ ಹೆದರಿಕೆ. ಹತ್ತು ಜನ ಮೇಲಿದ್ದರೆ ಕೆಳಗಿನ ನೂರು ಜನರನ್ನು ತಡೆಯಬಲ್ಲ ಜಾಗಗಳು ಅವು.

ಅವರು ಕಂಡುಕೊಂಡ ಅಗ್ಗದ ಉಪಾಯ ಎಂದರೆ ಕೋಟೆಯನ್ನು ಬಿಟ್ಟು ದಾರಿಯನ್ನು ಒಡೆಯುವುದು. ನಾಸಿಕದ ಕಡೆಯ ಕೋಟೆಗಳ ಪರಿಶೀಲನೆಗೆ ಹೋದವನು ಕ್ಯಾಪ್ಟನ್ ಜಾನ್ ಬ್ರಿಗ್ಸ್. ಬಂಡೆಯಲ್ಲಿ ಕಡಿದಿದ್ದ ಮೆಟ್ಟಿಲುಗಳಿಗೆ ಮದ್ದು ಇಟ್ಟು ಸಿಡಿಸಲಾಯಿತು. ಅಲಂಗ, ಮದನ ಕೋಟೆಗಳಿಗೆ ಹೋದವರಿಗೆ ಗೊತ್ತು. ಚೆನ್ನಾಗಿ ಕಡಿದ ಮೆಟ್ಟಿಲುಗಳನ್ನು ಹತ್ತುತ್ತಾ ಹೋಗುತ್ತೀರಿ, ಇದ್ದಕ್ಕಿದ್ದಂತೆ ಮೆಟ್ಟಿಲು ಮುಗಿದು ಬರೀ ಬಂಡೆ. ಅಲ್ಲಿಂದ ಮುಂದೆ ಹಗ್ಗ ಕಟ್ಟಿಕೊಂಡೇ ಹೋಗಬೇಕು. ನಾನು ನಲವತ್ತರ ವಯಸ್ಸಿನಲ್ಲಿ ಒಮ್ಮೆ ಹೋಗಿದ್ದೆ. ಹಗ್ಗದಲ್ಲಿ ನೇತಾಡುತ್ತಾ ಕಂಪನಿ ಸರ್ಕಾರಕ್ಕೆ ಶಿರಸಿ ಭಾಷೆಯಲ್ಲಿ ಎಷ್ಟು ಬೈಯಬಹುದೋ ಅಷ್ಟು ಬೈದೆ.

ಅದೇ ಸೀಮೆಯ ಹರಿಹರ ಕೋಟೆಯೂ 1818ರಲ್ಲಿ ತ್ರ್ಯಂಬಕದ ಜೊತೆಗೆ ಇಂಗ್ಲಿಷರಿಗೆ ಸೇರಿತು. ಅದರ ಮೆಟ್ಟಿಲುಗಳು ಮಾತ್ರ ಉಳಿದವು. ನೆಟ್ಟಗೆ ಗೋಡೆಯ ಹಾಗೆ ಏರುವ, ನೂರಕ್ಕೂ ಹೆಚ್ಚು ಮೆಟ್ಟಿಲುಗಳ ಸಾಲು. ಕೈ ಹಿಡಿದುಕೊಳ್ಳಲು ಪ್ರತಿ ಮೆಟ್ಟಿಲಿನಲ್ಲೂ ಗುಳಿ ಕಡಿದಿದ್ದಾರೆ. ಅದನ್ನು ಕಡಿದ ಕಲ್ಲುಕುಟಿಗ ಎಲ್ಲಿ ಕಾಲಿಟ್ಟುಕೊಂಡು ಕಡಿದನೋ, ಅದನ್ನು ಯೋಚಿಸಿದರೆ ಈಗಲೂ ನನಗೆ ಅಂಗಾಲು ಜುಮ್ಮೆನ್ನುತ್ತದೆ.

ದಾರಿ ಒಡೆದಾಗ ಅದರ ಜೊತೆ ಒಡೆದದ್ದು ದಾರಿ ಕಾಯುವವರ ಬದುಕು. ಪುರಂದರದ ರಾಮೋಶಿಗಳ ಹಕ್ಕುಗಳು ಪೇಶ್ವೆಯ ಕೊನೆಗಾಲದಲ್ಲೇ ಅಲುಗಾಡಿದ್ದವು. ಇಂಗ್ಲಿಷರ ಆಳ್ವಿಕೆಯಲ್ಲಿ ಆ ಅಸಮಾಧಾನ ಬಂಡಾಯವಾಯಿತು. ಅದರ ನಾಯಕ ಉಮಾಜಿ ನಾಯಕನನ್ನು 1832ರಲ್ಲಿ ಪುಣೆಯಲ್ಲಿ ಗಲ್ಲಿಗೇರಿಸಿದರು. 1857ರ ನಮ್ಮ ಹಲಗಲಿಯ ಬೇಡರ ಕಥೆ ನಿಮಗೆ ನೆನಪಾಗಬಹುದು. ಅಲ್ಲಿ ಕಿತ್ತುಕೊಳ್ಳಲು ಹೋದದ್ದು ಆಯುಧ, ಇಲ್ಲಿ ಹೋದದ್ದು ಕಾವಲಿನ ಹಕ್ಕು. ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನು ಒಂದು ಹುಕುಮಿನಲ್ಲಿ ನಿಲ್ಲಿಸಿದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಘಟ್ಟದ ದಾರಿಗಳಿಗೆ ಮದ್ದು ಇಡುವ ಅಗತ್ಯವೂ ಬೀಳಲಿಲ್ಲ. ಪೇಶ್ವೆಯನ್ನು ಶರಣು ಮಾಡಿಸಿಕೊಂಡ ಅದೇ ಮಾಲ್ಕಮ್ ಮುಂದೆ ಮುಂಬಯಿಯ ಗವರ್ನರ್ ಆಗಿ 1830ರಲ್ಲಿ ಬೋರ್ ಘಾಟಿನ ಗಾಡಿರಸ್ತೆ ತೆರೆದ. 1863ರಲ್ಲಿ ಅದೇ ಘಟ್ಟದಲ್ಲಿ ರೈಲು ಹತ್ತಿತು. ಉಪ್ಪು ಗಾಡಿ ಏರಿತು, ಆಮೇಲೆ ರೈಲು ಏರಿತು. ಎತ್ತಿನ ದಾರಿಗಳು ಒಂದೊಂದಾಗಿ ಹುಲ್ಲು ಹೊದ್ದು ಮಲಗಿದವು.

ಬ್ಯಾಂಕಿನಲ್ಲಿ ಇದಕ್ಕೊಂದು ಹೆಸರಿದೆ. ಎರಡು ವರ್ಷಕ್ಕೂ ಮೇಲ್ಪಟ್ಟು ಗ್ರಾಹಕರ ಕಡೆಯಿಂದ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯ ಖಾತೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ದಾರಿಯದೂ ಹಾಗೇ. ನಡೆಯದಿದ್ದರೆ ಕಾಡಿನ ನಿಧಿಗೆ ಜಮಾ!

ಸುಮ್ಮನೆ ನಡೆಯುವವರು

ಗರಜು ಇಲ್ಲದೆ, ಸುಮ್ಮನೆ ಇಷ್ಟಕ್ಕಾಗಿ ಬೆಟ್ಟ ಹತ್ತುವವರು ಬಂದದ್ದು ಆಮೇಲೆ. ಮುಂಬಯಿಯಲ್ಲಿ 1954ರಲ್ಲಿ 'ಗಿರಿವಿಹಾರ' ಅನ್ನುವ ಸಂಸ್ಥೆ ಶುರುವಾಯಿತು. ಪುಣೆಯಲ್ಲಿ 1982ರಲ್ಲಿ 'ಗಿರಿಪ್ರೇಮಿ'. ಇವರಿಗೆಲ್ಲ ಹುಚ್ಚು ಹಿಡಿಸಿದವರಲ್ಲಿ ಮುಖ್ಯರಾದವರು ಮರಾಠಿ ಲೇಖಕ ಗೋ. ನೀ. ದಾಂಡೇಕರ್ (1916-1998). ಕೋಟೆಗಳನ್ನು ಮತ್ತೆ ಮತ್ತೆ ಕಾಲ್ನಡಿಗೆಯಲ್ಲಿ ಸುತ್ತಿ ಪುಸ್ತಕ ಬರೆದವರು. ನಾನು ಮರಾಠಿ ಓದಲು ಕಲಿತದ್ದು ಬ್ಯಾಂಕಿನ ಅರ್ಜಿಗಳಿಂದ, ಓದಿ ಸಂತೋಷಪಡಲು ಕಲಿತದ್ದು ಅವರಿಂದ. ಇಂಗ್ಲಿಷ್ ಓದುವವರಿಗೆ ಹರೀಶ್ ಕಪಾಡಿಯಾ ಅವರ ಸಹ್ಯಾದ್ರಿ ಚಾರಣದ ಪುಸ್ತಕ ಕೈಪಿಡಿಯಾಯಿತು.

ಗುಂಪುಗಳು ಬೆಳೆದವು. ದಾರಿ ತಪ್ಪದಿರಲಿ ಅಂತ ಬಾಣದ ಗುರುತು ಹಾಕಿದರು. ಹೂಳು ತುಂಬಿದ ನೀರಿನ ತೊಟ್ಟಿಗಳನ್ನು ಶುಚಿ ಮಾಡಿದರು. ಬಿದ್ದ ಕಲ್ಲುಗಳನ್ನು ಎತ್ತಿಟ್ಟರು. ಸರ್ಕಾರ ಒಡೆದಿದ್ದನ್ನು ಜನ ಜೋಡಿಸುತ್ತಿದ್ದಾರೆ ಅಂತ ನಮಗೆಲ್ಲ ಒಳಗೊಳಗೇ ಹೆಮ್ಮೆ. ನನಗೂ ಇತ್ತು. 2009ರವರೆಗೆ.

ನಾವೇ ಕಡಿದ ದಾರಿ

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ಮಾವಳದ ಕಡೆಯ ಒಂದು ಸಣ್ಣ ಗುಡ್ಡ, ಬುಡದಲ್ಲಿ ಇಪ್ಪತ್ತು ಮೂವತ್ತು ಮನೆಗಳ ಹಳ್ಳಿ. ಊರಿನ ಹೆಸರು ಬೇಡ. ಹಳ್ಳಿಯಿಂದ ಮೇಲಕ್ಕೆ ಹಾವಿನಂತೆ ಸುತ್ತಿ ಸುತ್ತಿ ಹೋಗುವ ದಾರಿ. ಅಷ್ಟು ಸುತ್ತು ಯಾಕೆ ಅಂತ ನಮಗೆ ಅನ್ನಿಸಿತು. 2009ರ ಮೇ ತಿಂಗಳಿನಲ್ಲಿ ಎರಡು ಭಾನುವಾರ ಇಪ್ಪತ್ತೆರಡು ಜನ ಕೂಡಿ, ಕಾರ್ವಿ ಪೊದೆ ಸವರಿ, ಹುಲ್ಲು ಕೆತ್ತಿ, ನೆಟ್ಟಗೆ ಒಂದು ದಾರಿ ಮಾಡಿದೆವು. ಅಲ್ಲಲ್ಲಿ ಕಲ್ಲು ಇಟ್ಟು ಮೆಟ್ಟಿಲಿನ ಹಾಗೆ ಮಾಡಿದೆವು. ಬಿಳಿ ಬಣ್ಣದ ಬಾಣ ಬೇರೆ. ಮುಕ್ಕಾಲು ಗಂಟೆಯ ಹಾದಿ ಅರ್ಧ ಗಂಟೆಗೆ ಇಳಿಯಿತು. ಗುಂಪಿನ ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ನಗುತ್ತಿರುವವನು ನಾನೇ.

ಮಳೆಗಾಲ ಮುಗಿದು ಸೆಪ್ಟೆಂಬರ್ ಕೊನೆಗೆ ಹೋದರೆ ನಮ್ಮ ದಾರಿ ಅಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಮೊಣಕಾಲುದ್ದದ ಕೊರಕಲು. ನಾವು ಇಟ್ಟ ಕಲ್ಲುಗಳು ಕೆಳಗೆ ಉರುಳಿ ಬಿದ್ದಿದ್ದವು. ಕೆಂಪು ಮಣ್ಣು ಇಳಿದು ಬುಡದ ಎರಡು ಭತ್ತದ ಗದ್ದೆಗಳಲ್ಲಿ ಗೇಣುದ್ದ ಕೂತಿತ್ತು. ಪಕ್ಕದ ಗದ್ದೆಗಳಲ್ಲಿ ಪೈರು ತೆನೆಗೆ ಬಂದಿತ್ತು. ಆ ಎರಡರಲ್ಲಿ ಏನೂ ಇರಲಿಲ್ಲ.

ಗದ್ದೆಯ ಯಜಮಾನರು ಅರವತ್ತು ದಾಟಿದವರು. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತೆವು. ಅವರು ಬೈಯಲಿಲ್ಲ. ಹಳೇ ಸುತ್ತುದಾರಿಯಲ್ಲಿ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದರು. ಪ್ರತಿ ತಿರುವಿನ ಹತ್ತಿರ ನಿಂತು, ಹುಲ್ಲಿನಲ್ಲಿ ಹುದುಗಿದ್ದ ಒಂದು ಓರೆಯಾದ ಕಲ್ಲುಸಾಲು ತೋರಿಸಿದರು. ಹತ್ತು ವರ್ಷದಲ್ಲಿ ನಾವು ಅದನ್ನು ನೋಡಿಯೇ ಇರಲಿಲ್ಲ! ನೀರು ಆ ಕಲ್ಲಿಗೆ ತಾಗಿ ಪಕ್ಕದ ಪೊದೆಗೆ ಹೋಗುತ್ತದೆ, ದಾರಿಯ ಮೇಲೆ ಓಡುವುದಿಲ್ಲ. ಅವರ ಅಜ್ಜನ ಕಾಲದಿಂದ ಇದ್ದದ್ದು. ಕೊನೆಗೆ ಒಂದೇ ಮಾತು ಹೇಳಿದರು: "ಪಾಣ್ಯಾಲಾ ಘಾಯೀ ಅಸತೇ. ತುಮ್ಹಾಲಾ ಕಶಾಲಾ?" ನೀರಿಗೆ ಅವಸರ ಇರುತ್ತದೆ. ನಿಮಗೆ ಯಾತಕ್ಕೆ?

ನಷ್ಟ ಎಷ್ಟು ಅಂತ ಕೇಳಿದೆ. ಬ್ಯಾಂಕಿನವನ ಬುದ್ಧಿ, ಮೊದಲು ಅಂಕಿ ಬೇಕು. ಅವರು ನಕ್ಕರು. ದುಡ್ಡು ಬೇಡ, ನಾಲ್ಕು ಭಾನುವಾರ ಬನ್ನಿ ಅಂದರು. ಹೋದೆವು. ಬುಟ್ಟಿಯಲ್ಲಿ ಮಣ್ಣು ತುಂಬಿ ಗದ್ದೆಯಿಂದ ಹೊರಗೆ ಹಾಕಿದೆವು. ಕೊರಕಲಿಗೆ ಅಡ್ಡಡ್ಡ ಕಲ್ಲು ಕಟ್ಟಿ, ಮುಳ್ಳು ಹಾಕಿ ಮುಚ್ಚಿದೆವು. ಅದು ಹುಲ್ಲು ಹಿಡಿಯಲು ಮೂರು ಮಳೆಗಾಲ ಬೇಕಾಯಿತು. ನಾಲ್ಕು ಭಾನುವಾರದ ಲೆಕ್ಕ ಮುಗಿದರೂ ನಾವು ಹೋಗುವುದು ನಿಲ್ಲಲಿಲ್ಲ.

ಆ ರಾತ್ರಿ ಮನೆಗೆ ಬಂದವನಿಗೆ ಅಪ್ಪಯ್ಯನ ನೆನಪು ಬಂತು. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಅವರು ಹಾರೆ, ಗುದ್ದಲಿ ಹಿಡಿದು ತೋಟದ ದಾರಿಗೆ ಹೋಗುತ್ತಿದ್ದರು. ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುವುದು, ಅಗಳ ಬಿಡಿಸುವುದು, ದಾರಿಗೆ ಅಡ್ಡ ಸಣ್ಣ ಕಾಲುವೆ ಕಡಿಯುವುದು. ಬುಟ್ಟಿ ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ. "ನೀರಿಗೆ ದಾರಿ ಕೊಡು, ಅದು ನಿನಗೆ ದಾರಿ ಬಿಡ್ತದೆ" ಅನ್ನುತ್ತಿದ್ದರು. ನಲವತ್ತು ವರ್ಷ ಹಿಂದೆ ಕೇಳಿದ್ದ ಮಾತು. ಬಿ.ಕಾಂ., ಬಡ್ತಿ, ವರ್ಗಾವಣೆ ಇವೆಲ್ಲದರ ಅಡಿಯಲ್ಲಿ ಎಲ್ಲೋ ಹೂತು ಹೋಗಿತ್ತು. ಅದೇ ಸಹ್ಯಾದ್ರಿಯ ಇನ್ನೊಂದು ತುದಿಯಲ್ಲಿ, ಇನ್ನೊಂದು ಭಾಷೆಯಲ್ಲಿ ಮತ್ತೆ ಕೇಳಬೇಕಾಯಿತು.

ಈಗ ನಾವು ಮಾಡುವುದು

ಆವತ್ತಿನಿಂದ ನಮ್ಮ ಗುಂಪಿನ ಕೆಲಸದ ರೀತಿಯೇ ಬದಲಾಯಿತು. ಹೊಸ ದಾರಿ ಮಾಡುವುದಿಲ್ಲ. ಇಳಿಜಾರಿನ ದಾರಿಗೆ ಅಡ್ಡಲಾಗಿ, ಓರೆಯಾಗಿ, ಅರ್ಧ ಹೂತ ಕಲ್ಲಿನ ಸಾಲು ಕೂರಿಸುತ್ತೇವೆ. ಇಳಿಜಾರು ಹೆಚ್ಚಿದ್ದಷ್ಟೂ ಸಾಲುಗಳು ಹತ್ತಿರ ಹತ್ತಿರ. ಮಳೆಗೆ ಮುಂಚೆ ಅದರ ಬಾಯಿಯಲ್ಲಿ ತುಂಬಿದ ಎಲೆ, ಮಣ್ಣು ತೆಗೆಯುತ್ತೇವೆ. ಜನ ಅಡ್ಡ ನುಗ್ಗಿದ ಒಳದಾರಿಗಳಿಗೆ ಮುಳ್ಳಿನ ಕೊಂಬೆ ಹಾಕಿ ಮುಚ್ಚುತ್ತೇವೆ. ಅಂಚಿನ ಹುಲ್ಲು ಕೀಳುವುದಿಲ್ಲ, ಮಣ್ಣು ಹಿಡಿದಿರುವುದೇ ಅದು. ಹೊಸದಾಗಿ ಬಣ್ಣ ಬಳಿಯುವುದಿಲ್ಲ. ನಮ್ಮ ಹಾರೆಗೆ ಇಲ್ಲಿ ಪಹಾರ ಅನ್ನುತ್ತಾರೆ. ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಭಾರ ಅಷ್ಟೇ.

ಗುದ್ದಲಿ ಹಾಕುವ ಮೊದಲು ಅರ್ಜಿಯನ್ನೂ ಹಾಕುತ್ತೇವೆ. ಕಾಡು ಇದ್ದರೆ ಅರಣ್ಯ ಇಲಾಖೆಗೆ. ಸಂರಕ್ಷಿತ ಕೋಟೆಯಾಗಿದ್ದರೆ ಪುರಾತತ್ತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಕಲ್ಲನ್ನೂ ಅಲುಗಿಸುವ ಹಾಗಿಲ್ಲ, 1958ರ ಕಾಯ್ದೆ ಇದೆ. ಕೆಲವು ಹುಡುಗರಿಗೆ ಇದು ಕಿರಿಕಿರಿ. ನಾನು ಹೇಳುವುದಿಷ್ಟೇ: ಒಳ್ಳೆಯ ಮನಸ್ಸಿನಿಂದ ಎರಡು ಗದ್ದೆ ಹಾಳು ಮಾಡಿದವರು ನಾವು. ನಮ್ಮನ್ನು ಯಾರಾದರೂ ಮೊದಲೇ ಒಂದು ಮಾತು ಕೇಳಿದ್ದರೆ ಒಳ್ಳೆಯದಿತ್ತು. ಈಗ ಇಲಾಖೆಯನ್ನೂ ಕೇಳುತ್ತೇವೆ, ಅದಕ್ಕಿಂತ ಮೊದಲು ಊರಿನ ಹಿರಿಯರನ್ನು ಕೇಳುತ್ತೇವೆ.

2020ರಲ್ಲಿ ಲಾಕ್‌ಡೌನ್ ಬಂದು ಎಲ್ಲ ನಿಂತಿತು. ಆಮೇಲೆ ಮೊದಲ ಸಲ ಹೋದಾಗ ಎಷ್ಟೋ ಕಡೆ ದಾರಿಯ ಗುರುತೇ ಸಿಗಲಿಲ್ಲ. ಆದರೆ ಆ ಸುತ್ತುದಾರಿ ಮಾತ್ರ ಹಾಗೇ ಇತ್ತು. ದನಗಳು ನಡೆದಿದ್ದವು, ಸೌದೆಗೆ ಹೆಂಗಸರು ನಡೆದಿದ್ದರು. ನಮ್ಮ ಭಾನುವಾರಗಳಿಲ್ಲದೆಯೂ ಆ ಖಾತೆ ಚಾಲ್ತಿಯಲ್ಲಿತ್ತು.

ಈಗ ಕಷ್ಟ ಉಲ್ಟಾ ದಿಕ್ಕಿನಿಂದ ಬಂದಿದೆ. ನಡೆಯುವವರಿಲ್ಲದೆ ದಾರಿ ಸಾಯುತ್ತದೆ, ನಡೆಯುವವರು ಹೆಚ್ಚಾದರೂ ಸಾಯುತ್ತದೆ. ಮಳೆಗಾಲದ ಶನಿವಾರ, ಭಾನುವಾರ ಹರಿಹರದ ಮೆಟ್ಟಿಲ ಮೇಲೆ ಜನ ಸಾಲುಗಟ್ಟಿ ಸಿಕ್ಕಿಕೊಳ್ಳುವ ದೃಶ್ಯ ಫೋನಿನಲ್ಲಿ ಎಲ್ಲರೂ ನೋಡಿದ್ದೀರಿ. 2025ರ ಜುಲೈನಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದಲ್ಲಿ, ಒಂದು ತಮಿಳುನಾಡಿನ ಜಿಂಜಿ. ಸುದ್ದಿ ಕೇಳಿ ಪೇಢೆ ಹಂಚಿದೆವು, ಸಂತೋಷವೇ. ಆದರೆ ಪಟ್ಟಿಗೆ ಸೇರಿದ್ದು ಗೋಡೆ, ಬುರುಜು, ಬಾಗಿಲುಗಳು. ಅಲ್ಲಿಗೆ ಹೋಗುವ ಕಾಲುದಾರಿಯ ಮೇಲೆ ಇನ್ನಷ್ಟು ಕಾಲುಗಳು ಬೀಳುತ್ತವೆ. ಆ ಮಣ್ಣು ಎಲ್ಲಿಗೆ ಇಳಿಯುತ್ತದೆ ಅನ್ನುವುದು ಬುಡದ ಗದ್ದೆಯವರಿಗೆ ಮೊದಲು ಗೊತ್ತಾಗುತ್ತದೆ.

ಕರ್ನಾಟಕದ ಓದುಗರೂ ಇದು ನಮಗಲ್ಲ ಅಂದುಕೊಳ್ಳಬೇಡಿ. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ತೀರಿಕೊಂಡದ್ದು ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ, ಸಮಾಧಿ ಅಲ್ಲೇ ಇದೆ. ಕುದುರೆ, ಕಾಲಾಳು, ಎತ್ತು, ವ್ಯಾಪಾರಿ, ಈಗ ನಾವು ಬ್ಯಾಂಕಿನವರು, ಎಲ್ಲ ಈ ಬೆಟ್ಟಸಾಲಿನ ಅತ್ತ ಇತ್ತ ಓಡಾಡಿಕೊಂಡೇ ಬಂದವರು. ಊರಿಗೆ ಹೋದಾಗ ನಿಮ್ಮ ಮನೆಯ ಹಿಂದಿನ ಹಳೇ ಕಾಲುದಾರಿ ಇನ್ನೂ ಇದೆಯಾ ಅಂತ ಒಮ್ಮೆ ನೋಡಿ. ನನ್ನದರ ಸಂಕ ಹೋಗಿ ಸಿಮೆಂಟಿನ ಮೋರಿ ಬಂದಿದೆ. ಮೋರಿಯ ಮೇಲೆ ಕಾರು ಹೋಗುತ್ತದೆ. ತೋಟಕ್ಕೆ ನಡೆದು ಹೋಗುವವರು ಅಣ್ಣ ಒಬ್ಬನೇ ಉಳಿದಿದ್ದಾನೆ.

ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಈ ದಾರಿ ಮಾಡಿದ್ದು ಯಾರು? ಆವತ್ತು ನಾವು ಕೂತಿದ್ದದ್ದು ಅದೇ ಹಳ್ಳಿಯ ಸುತ್ತುದಾರಿಯ ಮೂರನೇ ತಿರುವಿನಲ್ಲಿ. ಆ ಯಜಮಾನರು ಈಗಿಲ್ಲ, ಅವರ ಮಗ ನಮ್ಮ ಜೊತೆ ಕಲ್ಲು ಕೂರಿಸುತ್ತಿದ್ದ. ಹೆಚ್ಚು ಹೇಳುವುದಕ್ಕೆ ಆಗದೆ, ಹುಲ್ಲು ಸರಿಸಿ ಓರೆಯಾದ ಕಲ್ಲುಸಾಲು ಅವಳಿಗೆ ತೋರಿಸಿದೆ. "ಇದನ್ನು ಇಟ್ಟವರು" ಅಂದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋನ್ ತೆಗೆದು ಫೋಟೋ ಹೊಡೆಯುತ್ತಾಳೆ ಅಂದುಕೊಂಡೆ. ಇಲ್ಲ, ಬುಟ್ಟಿ ತೆಗೆದುಕೊಂಡು ಅದರ ಬಾಯಿಯಲ್ಲಿ ತುಂಬಿದ್ದ ಎಲೆ ಬಾಚಲು ಕೂತಳು.

ಜೂನ್ 12ಕ್ಕೆ ಮಳೆ ಹಿಡಿಯಿತು. ಜುಲೈಯಲ್ಲಿ ಹೋಗಿ ನೋಡಿಕೊಂಡು ಬಂದೆವು. ನೀರು ಪೊದೆಗೆ ಹೋಗುತ್ತಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು.